ಹೊಲಿಗೆಯವಳು, ೧೯೬೨–೭೧

ಹೆಸರು ನನಗೆ ತಿಳಿಸುವುದಿಲ್ಲ. ಅದು ನಿಯಮ.
ಬದುಕಿದ್ದಾಳೋ, ಎದೆಯಲ್ಲಿ ನೀರು ತುಂಬಿ ಮಲಗಿದ್ದಾಳೋ
ಅದೂ ತಿಳಿಸುವುದಿಲ್ಲ;
ತಿಳಿದರೆ ನನ್ನ ಪೆನ್ಸಿಲು ವಾಲುತ್ತದಂತೆ.
ನನ್ನ ಮೇಜಿಗೆ ಬರುವುದು ಇಷ್ಟೇ: ಒಂದು ನಂಬರು,
ಒಂದು ಕಸುಬು, ಎರಡು ಇಸವಿ.
ಮಿಕ್ಕಿದ್ದನ್ನು ನಾನು ಅಂದಾಜು ಮಾಡಬೇಕು:
ಯಾವ ಧೂಳು, ಎಷ್ಟು ಧೂಳು, ದಿನಕ್ಕೆ ಎಷ್ಟು ಹೊತ್ತು.

ಟ್ರಿಯೆಸ್ಟೆಯಲ್ಲಿ ಇವತ್ತು ಬೋರಾ ಗಾಳಿ.
ಕೆಳಗೆ ಜನ ಕಂಬ ಹಿಡಿದು ಬೀದಿಯ ತಿರುವು ದಾಟುತ್ತಾರೆ,
ಯಾರದೋ ಟೋಪಿ ಸಮುದ್ರದ ಪಾಲು.
ಮೂರನೆಯ ಮಹಡಿಯ ಕಿಟಕಿ ಸಂದಿಗೆ ಫುಲ್ವಿಯಾ
ಹಳೆಯ ನಮೂನೆಗಳನ್ನು ಮಡಚಿ ತುರುಕಿದ್ದಾಳೆ; ಆದರೂ ಸಿಳ್ಳೆ.

ನಮ್ಮಲ್ಲೊಂದು ಕೋಷ್ಟಕವಿದೆ, ಗೋಡೆಯಷ್ಟು ಅಗಲ.
ಎಡಕ್ಕೆ ಕಸುಬುಗಳು, ಮೇಲೆ ವಿಷಗಳು,
ಅಡ್ಡಕ್ಕೂ ಉದ್ದಕ್ಕೂ ಬೆರಳು ಓಡಿಸಿದರೆ
ಸಂಧಿಸಿದ ಮನೆಯಲ್ಲಿ ಒಂದು ಅಂಕಿ.
ಮಗ್ಗಿ ಒಪ್ಪಿಸುವಷ್ಟು ಸಲೀಸು.
ಬೇಕರಿಯವನಿಗೆ ಹಿಟ್ಟು, ಮೂರು.
ಬೆಸುಗೆಯವನಿಗೆ ಹೊಗೆ, ನಾಲ್ಕು.
ಕಾಫಿ ಗೋದಾಮಿನ ಹಮಾಲಿಗೆ ಹಸಿ ಬೀಜದ ಧೂಳು, ಎರಡು.
ಗುಮಾಸ್ತರಿಗೆ ಉದ್ದಕ್ಕೂ ಸೊನ್ನೆ; ಅಂದರೆ ನನಗೆ.

ಹೊಲಿಗೆಯವಳು: ಹತ್ತಿಯ ಧೂಳು, ಒಂದು. ಉಳಿದದ್ದೆಲ್ಲ ಸೊನ್ನೆ.
ನಲವತ್ತು ಸೆಕೆಂಡಿನ ಕೆಲಸ. ಬರೆದೂ ಬಿಟ್ಟಿದ್ದೆ.
ಆದರೆ ಸಂದರ್ಶನಕ್ಕೆ ಹೋದವರಾರೋ ಅಂಚಿನಲ್ಲಿ
ಒಂದು ಪ್ರಶ್ನೆ ಹೆಚ್ಚಿಗೆ ಕೇಳಿಬಂದಿದ್ದರು: ಏನು ಹೊಲಿಯುತ್ತಿದ್ದಿರಿ?
ಅದರ ಕೆಳಗೆ ಒಂದೇ ಪದ. ದಿಂಬು.
ಕೆಲಸ ಕೊಟ್ಟವರು: ಹಡಗು ಕಾರ್ಖಾನೆ.

ಹಡಗು ಕಾರ್ಖಾನೆಗೆ ದಿಂಬು ಯಾಕೆ?
ನಾವಿಕರೂ ಮನುಷ್ಯರೇ ತಾನೆ, ಎಂದಳು ಫುಲ್ವಿಯಾ.

ಗುರುವಾರಗಳಂದು ಲಿವಿಯೊ ಕೊಸ್ಸುಟ್ಟಾ ಬರುತ್ತಾರೆ.
ಮೂವತ್ತೊಂದು ವರ್ಷ ಹಡಗುಗಳ ಹೊಟ್ಟೆಯಲ್ಲಿ ಕೊಳವೆ ಜೋಡಿಸಿದವರು;
ನಮಗೆ ತಿಳಿಯದ್ದನ್ನು ಕೇಳಲು ಇಟ್ಟುಕೊಂಡಿದ್ದೇವೆ,
ಗಂಟೆಗಿಷ್ಟು ಎಂದು, ಜೊತೆಗೊಂದು ಕಾಫಿ.
ಮೂರು ಮಹಡಿಗೆ ಮೂರು ಸಲ ನಿಲ್ಲುತ್ತಾರೆ.
ಪದ ತೋರಿಸಿದೆ. ಕನ್ನಡಕ ಹಣೆಗೇರಿಸಿ ನಕ್ಕರು,
ನಗು ಕೆಮ್ಮಾಯಿತು, ಕೆಮ್ಮು ಮುಗಿಯುವ ತನಕ ಕಾದೆವು.

"ಅಯ್ಯೋ ಮಗಳೇ, ತಲೆಗಿಡುವ ದಿಂಬಲ್ಲ ಅದು.
ಬಾಯ್ಲರಿನ ಮಗ್ಗುಲಿಗೆ, ಕೊಳವೆಯ ಕುತ್ತಿಗೆಗೆ
ಶಾಖ ಹೊರಬೀಳದಂತೆ ಹೊದಿಸುವುದು.
ಬಟ್ಟೆಯೂ ಕಲ್ನಾರು, ಒಳಗೆ ತುಂಬಿದ್ದೂ ಕಲ್ನಾರು.
ಹನ್ನೆರಡು ಹುಡುಗಿಯರು, ಒಂದು ತಗಡಿನ ಶೆಡ್ಡು,
ಬೋರಾ ನುಗ್ಗುತ್ತದೆಂದು ಕಿಟಕಿ ಮುಚ್ಚಿರುತ್ತಿತ್ತು.
ಅಂಗೈಯಲ್ಲಿ ತಟ್ಟಿ ತಟ್ಟಿ ಸಮ ಮಾಡುತ್ತಿದ್ದರು.
ಹಾಡುತ್ತಿದ್ದರು ಬೇರೆ.
ಅದರ ಮೇಲೆ ಯಾರೂ ಮಲಗಲಿಲ್ಲ."

ಸಕ್ಕರೆ ಕಲಕುತ್ತಿದ್ದವರು ನಿಲ್ಲಿಸಿದರು.

"ಮಲಗುತ್ತಿದ್ದರು. ಅವರೇ. ಮಧ್ಯಾಹ್ನ ಬುತ್ತಿ ಮುಗಿಸಿ,
ಚಳಿಗಾಲದಲ್ಲಿ. ಮೆತ್ತಗಿತ್ತಲ್ಲ. ಬೆಚ್ಚಗೂ.
ಯಾವುದೋ ಅಳತೆ ಹೇಳಲು ಒಮ್ಮೆ ಹೋಗಿದ್ದೆ:
ಹನ್ನೆರಡೂ ಜನ ಸಾಲಾಗಿ, ರೆಪ್ಪೆಗಳೆಲ್ಲ ಬೆಳ್ಳಗೆ.
ಎಬ್ಬಿಸಲು ಮನಸ್ಸು ಬರಲಿಲ್ಲ."

ಕಾಫಿ ಹಾಗೆಯೇ ಆರಿತು.

ಅಳಿಸಿದೆ. ಕಲ್ನಾರು: ಖಚಿತ. ಪ್ರಮಾಣ: ಅತಿ ಹೆಚ್ಚು.
ಇದರಿಂದ ಕೋಷ್ಟಕವೇನೂ ಅಲುಗುವುದಿಲ್ಲ;
ಒಂಬೈನೂರು ಹೊಲಿಗೆಯವರ ಸರಾಸರಿಯಲ್ಲಿ ಇವಳು
ದಶಾಂಶದ ಮೂರನೆಯ ಸ್ಥಾನದ ಒಂದು ಕದಲಿಕೆ.
ಪರದೆ, ಮದುವೆಯ ಉಡುಪು, ಶರ್ಟಿನ ಕಾಲರು ಹೊಲಿದ
ಅಷ್ಟೂ ಜನರ ನಡುವೆ ಅದೇ ಹೆಸರಿನಲ್ಲಿ ನಿಂತಿದ್ದಾಳೆ.
ಸರಾಸರಿ ಸುಳ್ಳು ಹೇಳುವುದಿಲ್ಲ ಎನ್ನುತ್ತಾರೆ ನಮ್ಮ ಮುಖ್ಯಸ್ಥರು.
ನಿಜವಿರಬೇಕು;
ಅದು ಯಾರ ಬಗ್ಗೆಯೂ ಮಾತಾಡುವುದೇ ಇಲ್ಲವಲ್ಲ.

ಕೊನೆಯ ಕಾಲಮ್ಮು, ದಿನಕ್ಕೆ ಎಷ್ಟು ಗಂಟೆ.
ಊಟದ ಬಿಡುವನ್ನು ಕಳೆಯಬೇಕೆಂದು ಕೈಪಿಡಿಯಲ್ಲಿದೆ.
ಎಂಟು ಎಂದಿತ್ತು. ಹೊಡೆದುಹಾಕಿ
ಎಂಟೂವರೆ ಎಂದು ಬರೆದೆ.
ಕಾರಣ ನಮೂದಿಸಲು ಬಿಟ್ಟ ಗೇಣುದ್ದ ಜಾಗದಲ್ಲಿ:
ನಿದ್ದೆ.